ಇಖಾಮಾ ಎಂಬ ಪದ ಕನ್ನಡದಲ್ಲಿ ಎಲ್ಲಿದೆ?

ಭರಮಸಾಗರ ದೊಡ್ಡ ಊರೇನಲ್ಲ. ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯ ಪಕ್ಕ, ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಹೊತ್ತ ದೊಡ್ಡ ಕೆರೆಯ ಬಳಿ ಇರುವ ಊರು. ಕಡಲು ಇಲ್ಲಿಂದ ಬಹುದೂರ. ಭಟ್ಕಳ, ಮಂಗಳೂರು, ಕಾಸರಗೋಡಿನ ಹಾಗೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಆದರೂ ಈ ಬಯಲುಸೀಮೆಯ ಮುಸ್ಲಿಮರ ಕೇರಿಗಳಲ್ಲಿ ಡ್ರೈವರ್, ಮೆಕ್ಯಾನಿಕ್, ಟೈಲರ್, ವೆಲ್ಡರ್ ಕೆಲಸ ಕಲಿತ ಹುಡುಗನ ಮುಂದೆ ಒಂದಲ್ಲ ಒಂದು ದಿನ ಸೌದಿಯ ಮಾತು ಬರುವುದುಂಟು.

ಆ ಮಾತಿನ ಬೆನ್ನಿಗೇ ಕೆಲವು ಪದಗಳೂ ಮನೆಯೊಳಗೆ ಬರುತ್ತವೆ. ವೀಸಾ ಕೊಟ್ಟು ಕರೆಸಿಕೊಳ್ಳುವ ಧಣಿ ‘ಕಫೀಲ್’. ಅಲ್ಲಿ ವಾಸಿಸಲು ಕೊಡುವ ಪರವಾನಗಿ ‘ಇಖಾಮಾ’. ಅದನ್ನು ಕೊಡುವ ಇಲಾಖೆ ‘ಜವಾಜಾತ್’. ದೇಶ ಬಿಟ್ಟು ಹೊರಡಲು ಬೇಕಾದ ಒಪ್ಪಿಗೆ ‘ಖುರೂಜ್’. ಕೆಲಸಗಾರ ಓಡಿಹೋದನೆಂದು ಧಣಿ ಕೊಡುವ ದೂರು ‘ಹುರೂಬ್’. ಒಬ್ಬನ ಹೆಸರಿನಲ್ಲಿ ಬಂದು ಇನ್ನೆಲ್ಲೋ ದುಡಿಯಬಹುದೆಂದು ನಂಬಿಸಿ ಏಜೆಂಟರು ಮಾರುವ ಕಾಗದ ‘ಆಜಾದ್ ವೀಸಾ’. ಮಗನನ್ನೋ ಗಂಡನನ್ನೋ ಅಲ್ಲಿಗೆ ಕಳಿಸಿದ ಹೆಂಗಸರಿಗೆ ಅರಬ್ಬಿ ಬಾರದಿರಬಹುದು, ಆದರೆ ಇಖಾಮಾ ನವೀಕರಣವಾಗಿದೆಯೇ ಎಂದು ಕೇಳಲು ಬರುತ್ತದೆ. ಹುರೂಬ್ ಎಂದರೆ ಏನಾಗುತ್ತದೆಂದೂ ಗೊತ್ತು.

ಮೂರು ನಾಲ್ಕು ದಶಕಗಳಿಂದ ಕರ್ನಾಟಕದ ಮನೆಗಳಲ್ಲಿ ಓಡಾಡುತ್ತಿರುವ ಈ ಪದಗಳಿಗೆ ಕನ್ನಡ ಸಾಹಿತ್ಯದಲ್ಲಿ, ಕನ್ನಡ ಸಿನೆಮಾದಲ್ಲಿ ಎಷ್ಟು ಜಾಗ ಸಿಕ್ಕಿದೆ? ಬೆರಳೆಣಿಕೆಯ ಕಥೆಗಳು, ಅಲ್ಲೊಂದು ಇಲ್ಲೊಂದು ಅಂಕಣ ಬರಹ. ಅಷ್ಟೇ. ಕನ್ನಡಕ್ಕೆ ವಿದೇಶ ಹೊಸದಾಗಿದ್ದರೆ ಇದು ಸಹಜ ಎನ್ನಬಹುದಿತ್ತು. ಹಾಗೇನಿಲ್ಲ.

ವಿದೇಶದ ಬಗ್ಗೆ ಬರೆಯುವುದರಲ್ಲಿ ಕನ್ನಡ ಬಡವಾದ ಭಾಷೆಯಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಇವೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಪುಸ್ತಕಗಳು. ಆದರೆ ಇವರೆಲ್ಲ ನೋಡಲು ಹೋದವರು. ಮನೆಗೆ ಮರಳುವುದು ಅವರ ಕೈಯಲ್ಲೇ ಇತ್ತು. ಹೋದ ದೇಶದ ಸರ್ಕಾರ ತನ್ನನ್ನು ಇಲ್ಲಿ ಇರಗೊಡುತ್ತದೆಯೇ, ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ಹೊರಡಬೇಕು, ಪಾಸ್‌ಪೋರ್ಟು ಯಾರ ಬೀರುವಿನಲ್ಲಿದೆ ಎಂಬ ಪ್ರಶ್ನೆಗಳು ಅವರ ಬರಹದ ವಿಷಯವಾಗುವ ಅಗತ್ಯವೇ ಇರಲಿಲ್ಲ. ಇದು ಅವರ ತಪ್ಪಲ್ಲ. ಆದರೆ ಕನ್ನಡದಲ್ಲಿ ‘ವಿದೇಶ’ ಎಂಬುದು ನೋಡುವ ಜಾಗವಾಗಿ ಬೇರೂರಿತೇ ಹೊರತು ದುಡಿಯುವ ಜಾಗವಾಗಲಿಲ್ಲ. ಸಾಲು ಸಾಲಾಗಿ ಬಂದ ಪ್ರವಾಸ ಕಥನಗಳು ಅದೇ ಜಾಡಿನಲ್ಲಿ ನಡೆದವು. ವೀಸಾ ಅಲ್ಲಿ ಹೆಚ್ಚೆಂದರೆ ಮೊದಲ ಅಧ್ಯಾಯದ ಒಂದು ತಮಾಷೆಯ ಪ್ರಸಂಗ.

ಸಿನೆಮಾದ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ 1997ರಲ್ಲಿ ತೆರೆಗೆ ಬಂದಾಗ ಜನ ಮುಗಿಬಿದ್ದು ನೋಡಿದರು. ಡಾಲರ್ ದೊಡ್ಡದೋ ಮಣ್ಣು ದೊಡ್ಡದೋ ಎಂಬುದು ಆ ಚಿತ್ರದ ಜಗಳ. ಅಲ್ಲಿಗೆ ಹೋಗುವುದು, ಅಲ್ಲಿ ನೆಲೆಸುವುದು, ಬೇಡವೆನಿಸಿದರೆ ಮರಳುವುದು ಎಲ್ಲವೂ ಆಯಾ ವ್ಯಕ್ತಿಯ ಮನಸ್ಸಿಗೆ ಬಿಟ್ಟ ಸಂಗತಿಗಳು. ಮನಸ್ಸಿದ್ದೂ ಮರಳಲಾಗದ, ಮನಸ್ಸಿದ್ದೂ ಉಳಿಯಲಾಗದ ವಲಸಿಗನಿಗೆ ಆ ಜಗಳದಲ್ಲಿ ಜಾಗವಿಲ್ಲ.

ಇನ್ನು ಅರಬ್ ಜಗತ್ತು. ಬೊಳುವಾರು ಮಹಮದ್ ಕುಂಞಿ ಅವರ ಕಥೆಯನ್ನು ಆಧರಿಸಿ ಪಿ. ಶೇಷಾದ್ರಿ ನಿರ್ದೇಶಿಸಿದ ‘ಮುನ್ನುಡಿ’ 2000ದಲ್ಲಿ ಬಂತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕರಾವಳಿಗೆ ಬರುವ ಅರಬ್ಬರು ಬಡ ಮುಸ್ಲಿಂ ಹೆಣ್ಣುಮಕ್ಕಳನ್ನು ಮದುವೆಯಾಗಿ ಕೈಬಿಟ್ಟು ಹೋಗುವ ಅನ್ಯಾಯ ಅದರ ವಸ್ತು. ಗಟ್ಟಿಯಾದ, ಧೈರ್ಯದ ಚಿತ್ರ. ನಮ್ಮ ಸಮುದಾಯದೊಳಗೆ ಅದು ಹುಟ್ಟಿಸಬೇಕಾದ ಮುಜುಗರವನ್ನು ಹುಟ್ಟಿಸಿತು. ಆದರೆ ಅಲ್ಲಿ ಅರಬ ಇಲ್ಲಿಗೆ ಬರುತ್ತಾನೆ. ಇಲ್ಲಿಂದ ಅಲ್ಲಿಗೆ ಹೋದ ಲಕ್ಷಾಂತರ ಗಂಡಸರು ಮತ್ತು ಹೆಂಗಸರ ಕಥೆಯನ್ನು ಅದೇ ಗಾಂಭೀರ್ಯದಿಂದ ಹೇಳುವ ಇನ್ನೊಂದು ಚಿತ್ರ ಅದರ ಬೆನ್ನಿಗೆ ಬರಬೇಕಿತ್ತು. ನಾವು ಅದಕ್ಕೆ ನೆರೆಯ ಮಲಯಾಳದತ್ತ ನೋಡಬೇಕಾಯಿತು.

ಮಲಯಾಳದಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’ 2008ರಲ್ಲಿ ಪ್ರಕಟವಾಯಿತು. ಬಹುಕಾಲ ಬಹರೈನಿನಲ್ಲಿದ್ದು ಬರೆದವರು ಅವರು. ಕೇರಳದ ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ನಜೀಬ್ ಸಾಲ ಮಾಡಿ ವೀಸಾ ಕೊಂಡು ರಿಯಾದಿಗೆ ಇಳಿಯುತ್ತಾನೆ. ನಿಲ್ದಾಣದಲ್ಲಿ ಕರೆದೊಯ್ಯಲು ಬಂದವನೇ ತನ್ನ ಕಫೀಲ್ ಎಂದು ನಂಬಿ ಅವನ ಗಾಡಿ ಹತ್ತುತ್ತಾನೆ. ಮುಂದಿನ ಮೂರು ವರ್ಷಕ್ಕೂ ಮಿಕ್ಕ ಕಾಲ ಮರುಭೂಮಿಯ ಆಡಿನ ದೊಡ್ಡಿಯಲ್ಲಿ ಆಡುಗಳ ನಡುವೆ ಆಡಾಗಿ ಬದುಕುತ್ತಾನೆ. ಈ ಕೃತಿಯನ್ನು ಓದಿದವರೆಲ್ಲ ಹೊಗಳುವುದು ಅದರ ಮರುಭೂಮಿಯನ್ನು, ಬಾಯಾರಿಕೆಯನ್ನು, ನಜೀಬ್ ಅಲ್ಲಾಹನೊಡನೆ ನಡೆಸುವ ಮಾತುಕತೆಯನ್ನು. ಹೊಗಳಿಕೆ ಸುಳ್ಳಲ್ಲ. ಕ್ರೈಸ್ತ ಮನೆತನದ ಲೇಖಕರೊಬ್ಬರು ಮುಸ್ಲಿಂ ಕೂಲಿಯ ನಂಬಿಕೆಯನ್ನು ಅಲಂಕಾರವಾಗಿ ಬಳಸದೆ ಅವನ ಉಸಿರಾಗಿ ಬರೆದಿದ್ದಾರೆ.

ಆದರೆ ಆ ಕೃತಿಯ ನಿಜವಾದ ಬೆನ್ನೆಲುಬು ಕೊನೆಯ ಭಾಗದ ಒಂದು ಸಣ್ಣ ಪ್ರಸಂಗದಲ್ಲಿದೆ. ತಪ್ಪಿಸಿಕೊಂಡು ಬಂದ ನಜೀಬ್ ಊರಿಗೆ ಮರಳುವ ಆಸೆಯಿಂದ ತಾನಾಗಿ ಪೊಲೀಸರಿಗೆ ಸಿಕ್ಕುತ್ತಾನೆ. ಜೈಲಿನಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಧಣಿಗಳು ಬಂದು ಓಡಿಹೋದ ತಮ್ಮ ಕೆಲಸಗಾರರನ್ನು ಗುರುತಿಸಿ ಎಳೆದೊಯ್ಯುತ್ತಾರೆ. ಒಂದು ದಿನ ನಜೀಬನ ಧಣಿಯೂ ಬರುತ್ತಾನೆ, ಎದುರಿಗೇ ನಿಲ್ಲುತ್ತಾನೆ, ಆದರೆ ಕರೆದೊಯ್ಯುವುದಿಲ್ಲ. ಕಾರಣ ಕರುಣೆಯಲ್ಲ. ನಜೀಬ್ ಅವನ ವೀಸಾದಲ್ಲಿ ಬಂದವನಲ್ಲ! ವಿಮಾನ ನಿಲ್ದಾಣದಿಂದ ಯಾರದೋ ಕೆಲಸಗಾರನನ್ನು ಕದ್ದು ತಂದಿದ್ದವನಿಗೆ ಅವನ ಮೇಲೆ ಕಾಗದದ ಹಕ್ಕಿರಲಿಲ್ಲ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಅಪಹರಣಕ್ಕೊಳಗಾದ ನಜೀಬ್ ಬಿಡುಗಡೆಯಾದ. ಕಾನೂನುಬದ್ಧ ವೀಸಾದಲ್ಲಿ, ಸರಿಯಾದ ಕಾಗದಪತ್ರದೊಂದಿಗೆ ಬಂದು ಅಷ್ಟೇ ಹಿಂಸೆ ಅನುಭವಿಸಿ ಓಡಿಬಂದವನನ್ನು ಅದೇ ಜೈಲಿನ ಅಂಗಳದಿಂದ ಧಣಿ ಎಳೆದುಕೊಂಡು ಹೋದ. ನಿಯಮ ಮುರಿದಲ್ಲಿ ಮನುಷ್ಯ ಉಳಿದ, ನಿಯಮ ಪಾಲಿಸಿದಲ್ಲಿ ಸಿಕ್ಕಿಬಿದ್ದ. ಒಬ್ಬ ಕ್ರೂರ ಅರಬನ ಕಥೆಯಾಗಿದ್ದರೆ ‘ಆಡುಜೀವಿತಂ’ ಅಲ್ಲಿಗೇ ಮುಗಿಯುತ್ತಿತ್ತು. ಈ ಪ್ರಸಂಗ ಅದನ್ನು ಒಂದು ಪದ್ಧತಿಯ ಕಥೆಯನ್ನಾಗಿ ಮಾಡಿದೆ. ದುಃಖವೆಂದರೆ ಕೃತಿಯೇ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮರುಭೂಮಿಗೆ ಕೊಟ್ಟ ಪುಟಗಳಲ್ಲಿ ಕಾಲುಭಾಗವನ್ನಾದರೂ ಜವಾಜಾತ್ ಕಚೇರಿಗೆ ಕೊಟ್ಟಿದ್ದರೆ ಓದುಗನಿಗೆ ಇನ್ನೊಂದು ಮರುಭೂಮಿ ಕಾಣುತ್ತಿತ್ತು.

ಬ್ಲೆಸಿ ನಿರ್ದೇಶಿಸಿದ ಇದರ ಚಲನಚಿತ್ರ 2024ರ ಮಾರ್ಚ್ 28ರಂದು ಬಿಡುಗಡೆಯಾಯಿತು. ಕನ್ನಡಕ್ಕೂ ಡಬ್ ಆಯಿತು. ನಟ ಪೃಥ್ವಿರಾಜ್ ಎಷ್ಟು ಕಿಲೋ ತೂಕ ಇಳಿಸಿದರೆಂಬುದು ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಮರಳಿನ ಅಲೆಗಳು, ಹಾವುಗಳು, ಬಿಸಿಲು, ಎ.ಆರ್. ರಹಮಾನರ ಸಂಗೀತ ಎಲ್ಲವೂ ಕಣ್ಣು ಕಿವಿ ತುಂಬುವಂತಿವೆ. ಜೈಲಿನ ಪ್ರಸಂಗವನ್ನು ಚಿತ್ರ ಕೈಬಿಟ್ಟಿಲ್ಲ. ಆದರೆ ಅದು ಬರುವ ಹೊತ್ತಿಗೆ ಪ್ರೇಕ್ಷಕ ಅತ್ತು ಹಗುರಾಗಿರುತ್ತಾನೆ. ಕಾಗದದ ಮಾತು ಅವನ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಇದೇ ಚಿತ್ರದ 58 ಮಂದಿಯ ತಂಡ 2020ರ ಕೊರೋನಾ ಕಾಲದಲ್ಲಿ ಜೋರ್ಡಾನಿನ ವಾದಿ ರಮ್ ಮರುಭೂಮಿಯಲ್ಲಿ ಸಿಕ್ಕಿಕೊಂಡು ಮೇ ತಿಂಗಳಲ್ಲಿ ಊರಿಗೆ ಮರಳಿತ್ತು. ಆಗ ದೇಶವೇ ಅವರನ್ನು ವಿಚಾರಿಸಿತು. ಅದೇ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡು ಕೊಲ್ಲಿ ದೇಶಗಳ ಲೇಬರ್ ಕ್ಯಾಂಪುಗಳಲ್ಲಿ ಉಳಿದವರನ್ನು ಅಷ್ಟು ಹೆಸರು ಹಿಡಿದು ವಿಚಾರಿಸಿದವರು ಕಡಿಮೆ.

ಈ ಚಿತ್ರ ಬಂದಾಗ ಒಂದು ವಾದ ನಮ್ಮವರ ನಡುವೆಯೂ ಕೇಳಿಬಂತು. ಅರಬ್ಬರನ್ನು ಕೆಟ್ಟವರೆಂದು ತೋರಿಸಿ ಇಸ್ಲಾಮಿಗೆ ಮಸಿ ಬಳಿಯುತ್ತಾರೆ ಎಂಬ ವಾದ. ಮುಸ್ಲಿಮರನ್ನು ಖಳರನ್ನಾಗಿ ತೋರಿಸುವ ಚಾಳಿ ಭಾರತೀಯ ಸಿನೆಮಾಕ್ಕೆ ಇದೆ, ಆ ಶಂಕೆ ಪೂರ್ತಿ ನಿರಾಧಾರವಲ್ಲ. ಆದರೆ ಇಲ್ಲಿ ಹಿಂಸೆ ಅನುಭವಿಸುವವನೂ ಮುಸ್ಲಿಮನೇ, ಅವನನ್ನು ಬದುಕಿಸುವುದೂ ಅವನ ಈಮಾನೇ. ಹರಮೈನ್‌ಗಳಿರುವ ನೆಲ ಎಂಬ ಗೌರವವನ್ನು ಆ ನೆಲದ ಕಾರ್ಮಿಕ ಕಾನೂನಿಗೂ ಹೊದಿಸುವುದು ಯಾವ ಧರ್ಮಪ್ರೇಮ? ಕಫಾಲತ್ ಎಂದರೆ ಹೊಣೆ ಹೊರುವುದು, ಜಾಮೀನು ನಿಲ್ಲುವುದು. ಅನಾಥ ಮಗುವಿನ ಹೊಣೆ ಹೊತ್ತವನನ್ನೂ ಅದೇ ಪದದಿಂದ ಕರೆಯುತ್ತಾರೆ. ಅಂಥ ಪದವನ್ನು ಪಾಸ್‌ಪೋರ್ಟು ಕಿತ್ತಿಟ್ಟುಕೊಳ್ಳುವವನ ಬಿರುದನ್ನಾಗಿ ಮಾಡಿದ್ದು ಶರೀಅತ್ ಅಲ್ಲ. ಇಂದಿನ ಕಫಾಲಾ ಪದ್ಧತಿಯ ಬೇರುಗಳು ಇಪ್ಪತ್ತನೇ ಶತಮಾನದ ಮೊದಲಾರ್ಧದಲ್ಲಿ ಬ್ರಿಟಿಷರ ಹಿಡಿತದಲ್ಲಿದ್ದ ಬಹರೈನಿನಂಥ ಕಡೆಯ ಮುತ್ತಿನ ಉದ್ಯಮದಲ್ಲಿವೆ ಎಂದು ಚರಿತ್ರಕಾರರು ಗುರುತಿಸಿದ್ದಾರೆ. ತೈಲದ ಕಾಲದಲ್ಲಿ ಅದು ಬಲಿಯಿತು. ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ಕಲಿತವರು ಈ ಪದ್ಧತಿಯ ವಕೀಲರಾಗಬೇಕಿಲ್ಲ.

ಆ ದೇಶಗಳೂ ನಿಂತಲ್ಲಿ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಕತಾರ್ 2018ರಿಂದ ಹೆಚ್ಚಿನ ಕೆಲಸಗಾರರಿಗೆ ನಿರ್ಗಮನ ಪರವಾನಗಿಯ ಕಟ್ಟಳೆಯನ್ನು ತೆಗೆಯಿತು, 2020ರಲ್ಲಿ ಧಣಿಯ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಸೌದಿ ಅರೇಬಿಯ 2021ರ ಮಾರ್ಚ್‌ನಲ್ಲಿ ಇಂಥದೇ ಸುಧಾರಣೆ ತಂದಿತು. ಆದರೆ ಆ ಸುಧಾರಣೆಯ ಹೊರಗೆ ಉಳಿದವರು ಯಾರು? ಮನೆಗೆಲಸದವರು, ಮನೆಯ ಡ್ರೈವರುಗಳು, ತೋಟದ ಆಳುಗಳು, ಕುರಿ ಆಡು ಕಾಯುವವರು. ಕಾದಂಬರಿ ಬಂದು ಹದಿಮೂರು ವರ್ಷಗಳ ಮೇಲೆ ಬಂದ ಕಾನೂನು ಕೂಡ ನಜೀಬನ ದೊಡ್ಡಿಯ ಬಾಗಿಲಲ್ಲೇ ನಿಂತಿತು. ಇದನ್ನು ಯಾವ ಸಿನೆಮಾ ವಿಮರ್ಶೆಯೂ ನಮಗೆ ಹೇಳಲಿಲ್ಲ.

ತಪ್ಪೆಲ್ಲ ಆಚೆಯ ದಂಡೆಯದೇ ಎಂದುಕೊಳ್ಳುವುದೂ ಸರಿಯಲ್ಲ. ನಮ್ಮ ದೇಶದ ಕಾಗದವೂ ಮನುಷ್ಯರನ್ನು ಎರಡು ಜಾತಿ ಮಾಡಿದೆ. 1983ರ ವಲಸೆ ಕಾಯ್ದೆಯ ಅಡಿಯಲ್ಲಿ, ಹತ್ತನೇ ತರಗತಿ ಪಾಸಾಗದವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಪಡೆಯಬೇಕೆಂಬ ನಿಯಮ ಬಂತು. ಬಡವನ ರಕ್ಷಣೆಗೆಂದೇ ಮಾಡಿದ ನಿಯಮವದು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳಬಾರದೆಂಬ ಮಿತಿಯೂ ಅದರಲ್ಲಿದೆ. ಆದರೆ ಹಳ್ಳಿಯ ಹುಡುಗನಿಗೆ ಸಿಗುವುದು ನೋಂದಾಯಿತ ಏಜೆಂಟನಲ್ಲ, ಪರಿಚಯದವರ ಪರಿಚಯದವನು. ಅವನು ಅದರ ಹಲವು ಪಟ್ಟು ಕೇಳುತ್ತಾನೆ, ವಿಸಿಟ್ ವೀಸಾದಲ್ಲಿ ಹತ್ತಿಸಿ ಕಳಿಸುತ್ತಾನೆ. ವಿಸಿಟ್ ವೀಸಾದಲ್ಲಿ ಹೋದವನು ಸರ್ಕಾರದ ಲೆಕ್ಕದಲ್ಲಿ ಕೆಲಸಗಾರನೇ ಅಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಅವನ ಪಾಲಿಗಿಲ್ಲ. 2018ರ ಜನವರಿಯಲ್ಲಿ ಇಂಥ ಅನುಮತಿ ಬೇಕಾದವರಿಗೆಲ್ಲ ಕಿತ್ತಳೆ ಬಣ್ಣದ ಪಾಸ್‌ಪೋರ್ಟು ಕೊಡುವ ಆಲೋಚನೆಯನ್ನು ಕೇಂದ್ರ ಸರ್ಕಾರ ಮುಂದಿಟ್ಟಿತು. ಓದದವನೆಂಬುದು ರಟ್ಟಿನ ಮೇಲೆಯೇ ಕಾಣುವ ಹಾಗೆ! ವಿರೋಧ ಬಂದ ಮೇಲೆ ಅದೇ ತಿಂಗಳ ಕೊನೆಗೆ ಕೈಬಿಟ್ಟಿತು. ಒಂದು ಒಳ್ಳೆಯ ಸಣ್ಣಕಥೆಗೆ ಇಷ್ಟು ಸಾಕಲ್ಲವೇ?

ಇದು ಮುಸ್ಲಿಮರ ಕಥೆ ಮಾತ್ರ ಎಂದು ಯಾರಾದರೂ ಎಂದುಕೊಂಡರೆ ನಮ್ಮ ಸೀಮೆಯೇ ಅದನ್ನು ಸುಳ್ಳು ಮಾಡುತ್ತದೆ. ಹೊಳಲ್ಕೆರೆ ತಾಲೂಕಿನ ಗಡಿ ದಾಟಿದರೆ ಚನ್ನಗಿರಿ. ಚನ್ನಗಿರಿ, ಶಿವಮೊಗ್ಗ, ಹುಣಸೂರಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಮತ್ತು ತಲೆಗೂದಲ ಎಣ್ಣೆ ಹೊತ್ತು ಎಷ್ಟೋ ವರ್ಷಗಳಿಂದ ಆಫ್ರಿಕಾದ ದೇಶಗಳಿಗೆ ಹೋಗಿ ಬರುತ್ತಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಹಕ್ಕಿ ಹಿಡಿಯುವುದನ್ನು ಅಪರಾಧ ಮಾಡಿದ ಮೇಲೆ ಬೇರೆ ಕಸುಬು ಹುಡುಕಿಕೊಂಡವರು ಇವರು. ಮನೆಯಲ್ಲಿ ವಾಗ್ರಿ ಭಾಷೆ, ಹೊರಗೆ ಕನ್ನಡ, ಸಂತೆಯಲ್ಲಿ ಯಾವ ಊರೋ ಆ ಊರಿನ ಮಾತು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನೆಗೂ ಕಾಳಗ ಶುರುವಾದಾಗ ದಾರ್ಫುರ್ ಪ್ರಾಂತ್ಯದ ಅಲ್ ಫಾಶಿರ್ ಮುಂತಾದ ಕಡೆ ಸಿಕ್ಕಿಕೊಂಡ ಭಾರತೀಯರಲ್ಲಿ ಇವರೂ ಇದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿ 3,862 ಜನರನ್ನು ಅಲ್ಲಿಂದ ಹೊರತಂದಿತು. ಅದು ಮೆಚ್ಚಬೇಕಾದ ಕೆಲಸ.

ಆದರೆ ನಮ್ಮ ಪತ್ರಿಕೆಗಳು, ವಾಹಿನಿಗಳು ಇದನ್ನು ಹೇಗೆ ಬರೆದವು? ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯ ಕಾವು. ವಿಷಯ ಮಾಜಿ ಮುಖ್ಯಮಂತ್ರಿ ಮತ್ತು ವಿದೇಶಾಂಗ ಸಚಿವರ ನಡುವಿನ ಟ್ವಿಟರ್ ಜಟಾಪಟಿಯಾಗಿ ಮೆರೆಯಿತು. ಉಳಿದದ್ದು ಅಚ್ಚರಿ: ಹಕ್ಕಿಪಿಕ್ಕಿಗಳು ವಿಮಾನ ಹತ್ತುತ್ತಾರೆಯೇ? ಎಣ್ಣೆ ಮಾರಲು ಸುಡಾನಿಗೆ ಹೋಗುತ್ತಾರೆಯೇ? ಯಾವ ವೀಸಾದಲ್ಲಿ ಹೋಗುತ್ತಾರೆ, ಅದು ಎಷ್ಟು ತಿಂಗಳದು, ಎಣ್ಣೆಯ ಬಾಟಲಿಗಳನ್ನು ಕಸ್ಟಮ್ಸ್ ದಾಟಿಸುವುದು ಹೇಗೆ, ಸಾಲ ಕೊಡುವವರು ಯಾರು, ಅರ್ಧಕ್ಕೆ ಓಡಿಬಂದರೆ ಆ ಸಾಲದ ಗತಿಯೇನು ಎಂದು ಕೇಳಿದ ವರದಿಗಳು ವಿರಳ. ಶಾಲೆ ಸರಿಯಾಗಿ ಕಾಣದ ಒಂದು ಸಮುದಾಯ ಹಲವು ದೇಶಗಳ ವಲಸೆ ನಿಯಮಗಳನ್ನು ತಾನೇ ಕಲಿತು, ತನ್ನವರಿಗೆ ಕಲಿಸಿಕೊಟ್ಟ ಜಾಣ್ಮೆ ಇದೆಯಲ್ಲ, ಅದು ಯಾವ ಪ್ರವಾಸ ಕಥನಕ್ಕೂ ಕಡಿಮೆಯಲ್ಲ. ಗೊರೂರರ ಅಮೆರಿಕ ಕನ್ನಡದ್ದಾದರೆ ಹಕ್ಕಿಪಿಕ್ಕಿಗಳ ಆಫ್ರಿಕಾ ಯಾರದು?

ಗಲ್ಫಿನ ಮಾತು ಬಿಡಿ, ಅಮೆರಿಕದ ಕನ್ನಡಿಗರಿಗೂ ಇಂದು ಕಾಗದದ ಬಿಸಿ ತಟ್ಟಿದೆ. ಯಾವುದೇ ಒಂದು ದೇಶದವರಿಗೆ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿಂದಾಗಿ ಭಾರತೀಯ ಇಂಜಿನಿಯರುಗಳು ದಶಕಗಟ್ಟಲೆ ಸರದಿಯಲ್ಲಿ ಕಾದಿದ್ದಾರೆ. ಅಪ್ಪ ಅಮ್ಮನ ವೀಸಾದ ನೆರಳಿನಲ್ಲಿ ಅಲ್ಲೇ ಬೆಳೆದ ಮಕ್ಕಳು 21 ತುಂಬಿದ ದಿನ ಆ ನೆರಳನ್ನು ಕಳೆದುಕೊಳ್ಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಬೆಂಗಳೂರಿನ ಎಷ್ಟೋ ಮನೆಗಳು ತಲ್ಲಣಿಸಿದವು. ಅದೇ ವರ್ಷದ ಫೆಬ್ರವರಿ 5ರಂದು 104 ಭಾರತೀಯರನ್ನು ಕೈಗೆ ಬೇಡಿ ಹಾಕಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ್ದನ್ನು ನಾವೆಲ್ಲ ನೋಡಿದೆವು. ಕಳ್ಳದಾರಿಯ ವಲಸೆಯನ್ನು ವಸ್ತುವಾಗಿಸಿದ ರಾಜಕುಮಾರ್ ಹಿರಾನಿ ಅವರ ‘ಡಂಕಿ’ 2023ರಲ್ಲೇ ಬಂದಿತ್ತು. ಆ ಚಿತ್ರ ಹಾಡು, ನಗೆ, ದೇಶಪ್ರೇಮದ ಭಾಷಣಗಳಲ್ಲಿ ಸೋರಿಹೋಗಿದೆ, ನಿಜ. ಆದರೂ ಬಡವನಿಗೇಕೆ ವೀಸಾ ಸಿಗುವುದಿಲ್ಲ ಎಂಬ ನೇರ ಪ್ರಶ್ನೆಯನ್ನು ಒಬ್ಬ ದೊಡ್ಡ ನಟನ ಬಾಯಿಂದ ಕೇಳಿಸಿತು. ‘ಅಮೆರಿಕಾ ಅಮೆರಿಕಾ’ ಚಿತ್ರವನ್ನು ಇವತ್ತು ಮತ್ತೆ ತೆಗೆಯುವುದಾದರೆ ಮಣ್ಣು–ಡಾಲರ್ ಜಗಳದ ನಡುವೆ ವಲಸೆ ಅಧಿಕಾರಿಗೂ ಒಂದು ಪಾತ್ರ ಬೇಕಾಗುತ್ತದೆ.

ಇನ್ನೊಂದು ಮಾತು. ಪರದೇಶದಲ್ಲಿ ಪರಕೀಯನಾಗುವ ಕಷ್ಟವನ್ನು ಬರೆಯುವವರು ನಮ್ಮ ನೆಲದಲ್ಲಿರುವ ಪರಕೀಯರನ್ನೂ ನೋಡಬೇಕು. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬ ಯುವಕನ ಕಾರು ಅಪಘಾತ ಮಾಡಿತೆಂದು, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಏಳು ವರ್ಷಗಳ ಮೇಲೆ ಅದೇ ಸುಡಾನಿನಲ್ಲಿ ನಮ್ಮವರು ಜೀವ ಕೈಯಲ್ಲಿ ಹಿಡಿದು ಕೂತಿದ್ದರು. 1946ರ ವಿದೇಶೀಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಹೊಸ ಕಾಯ್ದೆ ಬಂದಿದೆ. ಕಾಗದವಿಲ್ಲದವನನ್ನು ಮನುಷ್ಯನೆಂದು ಎಣಿಸುವುದೋ ಬೇಡವೋ ಎಂಬುದು ರಿಯಾದಿನ ಪ್ರಶ್ನೆ ಮಾತ್ರವಲ್ಲ, ಬೆಂಗಳೂರಿನ ಪ್ರಶ್ನೆಯೂ ಹೌದು.

ಕನ್ನಡದ ಬರಹಗಾರರಿಂದ ನಾವು ಕೇಳುವುದು ಹೆಚ್ಚೇನಲ್ಲ. ಗಲ್ಫ್ ಎಂದೊಡನೆ ಅತ್ತರು, ಚಿನ್ನ, ಟೇಪ್ ರೆಕಾರ್ಡರ್ ಅಥವಾ ಕಣ್ಣೀರು ಎಂಬ ಸಿದ್ಧ ಚಿತ್ರ ಸಾಕು. 2017ರ ಜುಲೈಯಿಂದ ಸೌದಿ ಸರ್ಕಾರ ಕುಟುಂಬದ ಪ್ರತಿ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ ವರ್ಷವರ್ಷವೂ ಏರಿಸುತ್ತ ಹೋದಾಗ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಬ್ಯಾಚುಲರ್ ರೂಮಿಗೆ ಮರಳಿದ ಗೃಹಸ್ಥರಿದ್ದಾರೆ. ಅರ್ಧ ವರ್ಷದಲ್ಲಿ ಇಲ್ಲಿನ ಶಾಲೆಗೆ ಸೇರಿ ಕನ್ನಡ ಅಕ್ಷರದ ಮುಂದೆ ತಬ್ಬಿಬ್ಬಾದ ಮಕ್ಕಳಿದ್ದಾರೆ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದಾಗ 45 ಭಾರತೀಯರ ಶವಗಳನ್ನು ವಾಯುಪಡೆಯ ವಿಮಾನ ಹೊತ್ತು ತಂದಿತು. ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಇವೆಲ್ಲ ಒಂದು ದಿನದ ಸುದ್ದಿಯಾಗಿ ಹೋದವು.

ಅಲ್ಲಿ ದುಡಿದು ಮರಳಿದವರು ಹಳೆಯ ಇಖಾಮಾಗಳನ್ನು, ಏಜೆಂಟ್ ಕೊಟ್ಟ ಚೀಟಿಗಳನ್ನು, ಕಾಗದಗಳನ್ನು ಟ್ರಂಕಿನಲ್ಲಿಟ್ಟುಕೊಂಡಿದ್ದಾರೆ. ಅವರು ಬರೆಯಲಾರರೆಂದು ನಾವೇಕೆ ತೀರ್ಮಾನಿಸಬೇಕು? ಅವರು ಹೇಳಲಿ, ಕಲಿತ ಮಕ್ಕಳು ಬರೆದುಕೊಳ್ಳಲಿ. ಮಸೀದಿಯ ಜಮಾಅತ್‌ಗಳು, ಊರಿನ ಗ್ರಂಥಾಲಯಗಳು, ಕಾಲೇಜಿನ ಕನ್ನಡ ಸಂಘಗಳು ಇದಕ್ಕೊಂದು ಸಂಜೆ ಕೊಡಲಿ. ಮುಂದೆ ಹೋಗಲಿರುವ ಹುಡುಗನಿಗೂ ಇದರಿಂದ ಉಪಕಾರವಿದೆ. ಆಜಾದ್ ವೀಸಾ ಎಂಬುದು ಯಾವ ಸರ್ಕಾರವೂ ಕೊಡದ ವೀಸಾ ಎಂದು ಏಜೆಂಟ್ ಅವನಿಗೆ ಹೇಳುವುದಿಲ್ಲ. ಒಂದು ಒಳ್ಳೆಯ ಕಥೆ ಹೇಳಬಲ್ಲದು.